ನೀರುಗಂಟಿಗೆ ಗದ್ದೆ ಇರಬಾರದು

ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ಪಿಜಿಯಲ್ಲಿ ಇಡ್ಲಿ ಮುರಿದು ಬಾಯಿಗೆ ಇಡುವಷ್ಟರಲ್ಲಿ ಫೋನ್ ಬಂತು. ಆ ಕಡೆ ನಮ್ಮ ಮೇಡಂ.

‘ಎಲ್ಲಿದ್ದೀಯಮ್ಮಾ? ಎರಡನೇ ಮಹಡೀಲಿ ಒಂದು ಕಂಪ್ಯೂಟರ್‌ಗೂ ಇಂಟರ್ನೆಟ್ ಬರ್ತಿಲ್ಲ. ನಿನ್ನೆ ರಾತ್ರಿ ನೀನೇನಾದ್ರೂ ಮುಟ್ಟಿದ್ಯಾ?’

ಮುಟ್ಟಿದ್ದೆ. ಮುಟ್ಟಿದ್ದು ಮಾತ್ರವಲ್ಲ, ‘ಕೊನೆಗೂ ಆಯಿತು’ ಎಂದು ಖುಷಿಯಲ್ಲಿ ಸೆಲ್ಫಿ ತೆಗೆದು ಗೆಳತಿಯರಿಗೆ ಕಳಿಸಿ ಮಲಗಿದ್ದೆ. ಇಡ್ಲಿ ಅಲ್ಲೇ ಬಿಟ್ಟು ಓಡಿದೆ. ಮೆಟ್ಟಿಲ ಹತ್ತಿರವೇ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವ ಅಣ್ಣ ಸಿಕ್ಕರು. ಅವರ ಮುಖ ನೋಡಿದಾಗಲೇ ಗೊತ್ತಾಯಿತು, ಕಳ್ಳಿ ಸಿಕ್ಕಿಬಿದ್ದಿದ್ದಾಳೆ ಎಂದು.

ನಾನು ಮೂಗೂರಿನ ಹುಡುಗಿ. ಟಿ.ನರಸೀಪುರ ತಾಲ್ಲೂಕಿನ ಮೂಗೂರು. ತ್ರಿಪುರ ಸುಂದರಿ ಅಮ್ಮನವರ ದೇವಸ್ಥಾನ ಎಂದರೆ ಹಿರಿಯರಿಗೆ ಗೊತ್ತಾಗುತ್ತದೆ. ನನ್ನ ವಯಸ್ಸಿನವರಿಗೆ ಪ್ರಭುದೇವ ಅವರ ಅಪ್ಪ ಮೂಗೂರು ಸುಂದರ್ ಅವರ ಊರು ಎನ್ನಬೇಕು. ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ, ಅಲ್ಲೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಆರು ತಿಂಗಳ ಗುತ್ತಿಗೆ ಮೇಲೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ್ದೆ. ಸಂಬಳ 15 ಸಾವಿರ. ಬೆಂಗಳೂರಿನ ಕಾಲ್ ಸೆಂಟರ್‌ನಲ್ಲಿ 22 ಸಾವಿರ ಕೊಡುತ್ತಾರಂತೆ ಎಂದು ಅಪ್ಪ ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದ. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬುದು ನನ್ನ ಕೆಲಸದ ಮೇಲೆ ನಿಂತಿತ್ತು. ಕೆಲಸ ಏನೆಂದರೆ, ಗುಜರಿಗೆ ಹೋಗಬೇಕಿದ್ದ ಕಂಪ್ಯೂಟರ್‌ಗಳನ್ನು ಸೇರಿಸಿ ಒಂದು ಪುಟ್ಟ ಸೂಪರ್ ಕಂಪ್ಯೂಟರ್ ಕಟ್ಟುವುದು.

ನಗಬೇಡಿ, ಇದು ಹುಡುಗಾಟವಲ್ಲ. 1994ರಲ್ಲಿ ಅಮೆರಿಕದ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬಿಬ್ಬರು ಮಾಡಿದ್ದೂ ಇದನ್ನೇ. ಅಂಗಡಿಯಲ್ಲಿ ಸಿಗುವ 486 ಪ್ರೊಸೆಸರ್‌ನ 16 ಯಂತ್ರಗಳನ್ನು ಸಾಧಾರಣ ನೆಟ್‌ವರ್ಕ್ ಕೇಬಲ್‌ನಿಂದ ಹೆಣೆದು, ಮೇಲೆ ಲಿನಕ್ಸ್ ಹಾಕಿ, ಬೇವುಲ್ಫ್ ಎಂದು ಹೆಸರಿಟ್ಟರು. ಕೋಟಿಗಟ್ಟಲೆ ಬೆಲೆಯ ಒಂದೇ ದೈತ್ಯನ ಬದಲು ಹತ್ತಾರು ಸಾಮಾನ್ಯರು ಕೂಡಿ ಲೆಕ್ಕ ಮಾಡಬಹುದು ಎಂದು ತೋರಿಸಿದರು. ಇವತ್ತು ಜಗತ್ತಿನ ಅತಿ ವೇಗದ 500 ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಇರುವುದೆಲ್ಲ ಲಿನಕ್ಸ್ ಮೇಲೇ ಓಡುತ್ತವೆ.

ಅದಕ್ಕೂ ಮೊದಲೇ ನಮ್ಮ ರಾಜ್ಯದಲ್ಲಿ ಈ ಯೋಚನೆ ಇತ್ತು ಎಂಬುದು ನನಗೆ ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ. 1986ರಲ್ಲೇ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್‌ನಲ್ಲಿ, ಫ್ಲೋಸಾಲ್ವರ್ ಎಂಬ ಸಮಾನಾಂತರ ಕಂಪ್ಯೂಟರ್ ಕಟ್ಟಿದರು. ಗಾಳಿ, ನೀರಿನಂಥ ಹರಿಯುವ ವಸ್ತುಗಳ ಲೆಕ್ಕ ಬಿಡಿಸುವುದು ಅದರ ಕೆಲಸ, ಹೆಸರೇ ಹೇಳುವಂತೆ. ಆಗ ಅಲ್ಲಿನ ನಿರ್ದೇಶಕರು ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಅಮೆರಿಕದಿಂದ ದೊಡ್ಡ ಯಂತ್ರ ತರಿಸಿಕೊಳ್ಳುವುದೇ ಕಷ್ಟವಾಗಿದ್ದ ಕಾಲ ಅದು. ಪುಣೆಯಲ್ಲಿ 1988ರಲ್ಲಿ ಸಿ-ಡ್ಯಾಕ್ ಹುಟ್ಟಿ, 1991ರಲ್ಲಿ ಪರಮ್ 8000 ತಯಾರಾದದ್ದು ನಮಗೆಲ್ಲ ಪಾಠದಲ್ಲಿ ಬರುತ್ತದೆ. ಫ್ಲೋಸಾಲ್ವರ್ ಬರುವುದಿಲ್ಲ. ಯಾಕೋ ಗೊತ್ತಿಲ್ಲ.

ನಮಗೆ ಸಿಕ್ಕಿದ್ದು ಹದಿನಾಲ್ಕು ಹಳೆಯ ಡೆಸ್ಕ್‌ಟಾಪ್‌ಗಳು. ಲ್ಯಾಬ್‌ಗೆ ಹೊಸವು ಬಂದಿದ್ದರಿಂದ ಇವನ್ನು ಸ್ಟೋರ್ ರೂಮಿನಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಒಂದರ ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಎರಡು ಏಳಲೇ ಇಲ್ಲ. ಅವುಗಳ ಮೆಮೊರಿ ಕಡ್ಡಿಗಳನ್ನೂ ಹಾರ್ಡ್ ಡಿಸ್ಕ್‌ನ್ನೂ ಕಿತ್ತು, ಉಳಿದ ಹನ್ನೆರಡರಲ್ಲಿ ಚೆನ್ನಾಗಿರುವ ಒಂದಕ್ಕೆ ಹಾಕಿದೆ. ಅದೇ ಯಜಮಾನ. ಇಂಗ್ಲಿಷಿನಲ್ಲಿ ಹೆಡ್ ನೋಡ್, ಮಾಸ್ಟರ್ ನೋಡ್ ಎಂದೆಲ್ಲ ಕರೆಯುತ್ತಾರೆ. ಉಳಿದ ಹನ್ನೊಂದು ದುಡಿಯುವ ಆಳುಗಳು, ಅಂದರೆ ಕಂಪ್ಯೂಟ್ ನೋಡ್‌ಗಳು.

ಆಳುಗಳನ್ನು ಸಿದ್ಧ ಮಾಡುವುದು ಕಷ್ಟವಲ್ಲ. ಅವುಗಳಿಗೆ ಸ್ವಂತದ್ದು ಏನೂ ಬೇಡ. ಸ್ವಿಚ್ ಒತ್ತಿದ ಕೂಡಲೇ ‘ನಾನು ಯಾರು? ನನ್ನ ವಿಳಾಸ ಏನು? ನಾನು ಏನು ಓಡಿಸಬೇಕು?’ ಎಂದು ನೆಟ್‌ವರ್ಕ್‌ನಲ್ಲಿ ಕೂಗುತ್ತವೆ. ಯಜಮಾನ ಉತ್ತರ ಕೊಡಬೇಕು. ವಿಳಾಸ ಹಂಚುವುದು ಅವನು. ಆಪರೇಟಿಂಗ್ ಸಿಸ್ಟಮ್‌ನ ಪಡಿಯಚ್ಚನ್ನು ಕೇಬಲ್ ಮೂಲಕ ಕಳಿಸಿ ಆಳುಗಳ ಮೆಮೊರಿಗೆ ತುಂಬುವುದು ಅವನು. ಎಲ್ಲರಿಗೂ ಒಂದೇ ಕಡತದ ಕಪಾಟು ಅವನ ಡಿಸ್ಕ್‌ನಲ್ಲಿ. ಗಡಿಯಾರ ಹೇಳುವುದು ಅವನು. ಯಾರ ಕೆಲಸ ಯಾವ ಯಂತ್ರಕ್ಕೆ, ಎಷ್ಟು ಹೊತ್ತಿಗೆ ಎಂದು ಸರತಿ ನಡೆಸುವುದೂ ಅವನೇ. ಆದ್ದರಿಂದ ಹನ್ನೊಂದಕ್ಕೆ ಹಿಡಿದದ್ದು ಒಂದು ದಿನವಾದರೆ, ಆ ಒಂದಕ್ಕೆ ಹಿಡಿದದ್ದು ಐದು ವಾರ.

ಲಿನಕ್ಸ್‌ನಲ್ಲಿ ನಾನು ಆರಿಸಿಕೊಂಡಿದ್ದು ರಾಕಿ ಲಿನಕ್ಸ್. ಹಿಂದೆ ಎಲ್ಲರೂ ಸೆಂಟ್‌ಒಎಸ್ ಹಾಕುತ್ತಿದ್ದರು. 2020ರ ಡಿಸೆಂಬರ್‌ನಲ್ಲಿ ಅದರ ದಾರಿ ಬದಲಾಗುತ್ತದೆ ಎಂಬ ಘೋಷಣೆ ಬಂದಾಗ, ಅದನ್ನು ಮೊದಲು ಕಟ್ಟಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್ ಹೊಸದಾಗಿ ರಾಕಿ ಶುರು ಮಾಡಿದರು. ಆಳುಗಳಿಗೆ ಪಡಿಯಚ್ಚು ಕಳಿಸುವ ವೇರ್‌ವುಲ್ಫ್ ಎಂಬ ತಂತ್ರಾಂಶವೂ ಅವರು ಹುಟ್ಟುಹಾಕಿದ್ದೇ. ಸರತಿ ನಡೆಸುವುದಕ್ಕೆ ಸ್ಲರ್ಮ್. ಎಲ್ಲವೂ ಬಿಟ್ಟಿ. ನಮ್ಮ ಬಜೆಟ್‌ಗೆ ಹೇಳಿ ಮಾಡಿಸಿದ್ದು.

ಈಗ ಆ ಇಡ್ಲಿ ಬಿಟ್ಟು ಓಡಿದ ದಿನಕ್ಕೆ ಬರುತ್ತೇನೆ. ಯಜಮಾನನಿಗೆ ಎರಡು ನೆಟ್‌ವರ್ಕ್ ಕಾರ್ಡ್ ಇರಬೇಕು. ಒಂದರ ಮುಖ ಹೊರಗೆ, ಕಾಲೇಜಿನ ಕಡೆಗೆ. ಇನ್ನೊಂದರ ಮುಖ ಒಳಗೆ, ತನ್ನ ಹನ್ನೊಂದು ಆಳುಗಳ ಕಡೆಗೆ. ಮನೆಗೆ ಹೆಬ್ಬಾಗಿಲು, ಹಿತ್ತಲ ಬಾಗಿಲು ಇದ್ದ ಹಾಗೆ. ವಿಳಾಸ ಹಂಚುವ ಕೆಲಸ ಹಿತ್ತಲ ಬಾಗಿಲಲ್ಲಿ ಮಾತ್ರ ನಡೆಯಬೇಕು. ಹಿಂದಿನ ರಾತ್ರಿ ಪಿಜಿ ಗೇಟು ಹಾಕುವುದರೊಳಗೆ ಸೇರಿಕೊಳ್ಳಬೇಕೆಂಬ ಗಡಿಬಿಡಿಯಲ್ಲಿ ಯಂತ್ರವನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಎತ್ತಿಟ್ಟೆ. ಕೇಬಲ್‌ಗಳನ್ನು ಮತ್ತೆ ಚುಚ್ಚುವಾಗ ಅದಲು ಬದಲಾಯಿತು. ಎರಡೂ ನೀಲಿ ಬಣ್ಣ, ಎರಡಕ್ಕೂ ಚೀಟಿ ಅಂಟಿಸಿರಲಿಲ್ಲ. ಬೆಳಿಗ್ಗೆ ಎರಡನೇ ಮಹಡಿಯ ಕಂಪ್ಯೂಟರ್‌ಗಳೆಲ್ಲ ಎದ್ದು ‘ನನ್ನ ವಿಳಾಸ ಏನು?’ ಎಂದು ಕೂಗಿದಾಗ, ಕಾಲೇಜಿನ ದೊಡ್ಡ ಸರ್ವರ್‌ಗಿಂತ ಮೊದಲು ನನ್ನ ಯಜಮಾನ ‘ಬನ್ನಿ ಬನ್ನಿ’ ಎಂದು ತನ್ನ ಹಿತ್ತಲಿನ ವಿಳಾಸ ಹಂಚಿಬಿಟ್ಟಿದ್ದ. ಪಾಪ, ಅವಕ್ಕೆ ಹೊರಗೆ ಹೋಗುವ ದಾರಿಯೇ ಇಲ್ಲ.

ಅವತ್ತು ಹುಡುಗರು ಪರೀಕ್ಷಾ ಅರ್ಜಿ ತುಂಬುವ ಕೊನೆಯ ದಿನ. ಕಾರಿಡಾರಿನಲ್ಲಿ ಸಾಲು ನಿಂತಿತ್ತು. ಒಂದು ಕೇಬಲ್ ಕಿತ್ತಾಗ ತೊಂದರೆ ನಿಂತಿತು, ಆದರೆ ಎಲ್ಲ ಯಂತ್ರಗಳೂ ಸರಿಹೋಗಲು ಒಂದೂವರೆ ಗಂಟೆ ಬೇಕಾಯಿತು. ವಿಭಾಗದ ಮುಖ್ಯಸ್ಥರ ಎದುರು ನಿಂತು ಕ್ಷಮಾಪಣೆ ಪತ್ರ ಬರೆದುಕೊಟ್ಟೆ. ತಪ್ಪು ಪೂರ್ತಿ ನನ್ನದೇ ಆಗಿತ್ತು. ‘ಇನ್ನೊಂದು ಸಲ ಹೀಗಾದ್ರೆ ಗುಜರಿಯವನನ್ನ ಕರೀತೀನಿ’ ಎಂದರು. ಕಂಪ್ಯೂಟರ್‌ಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ. ನೆಟ್‌ವರ್ಕ್ ಅಣ್ಣ ಮಾತ್ರ ಸಂಜೆ ಬಂದು ಕೆಂಪು ಬಣ್ಣದ ಕೇಬಲ್ ಒಂದು ಕೊಟ್ಟು, ‘ಹೊರಗಡೆದು ಕೆಂಪು, ಒಳಗಡೆದು ನೀಲಿ. ನಾನೂ ಒಂದು ಸಲ ಹಿಂಗೇ ಮಾಡಿದ್ದೆ ಕಣಮ್ಮ’ ಎಂದರು. ಅವತ್ತು ನನಗೆ ಅಳು ಬಂದಿದ್ದು ಆಗಲೇ.

ಆಮೇಲೆ ಕಾಡಿದ್ದು ಗಡಿಯಾರ. ಹನ್ನೊಂದರಲ್ಲಿ ಎಂಟು ಯಂತ್ರ ಹೇಳಿದ ಮಾತು ಕೇಳುತ್ತಿದ್ದವು, ಮೂರು ಕೇಳುತ್ತಿರಲಿಲ್ಲ. ಅದೇ ಪಡಿಯಚ್ಚು, ಅದೇ ಕೇಬಲ್. ಎರಡು ದಿನ ತಲೆ ಕೆರೆದುಕೊಂಡೆ. ಯಜಮಾನ ಮತ್ತು ಆಳುಗಳ ನಡುವೆ ಹೋಗುವ ಪ್ರತಿ ಆದೇಶಕ್ಕೂ ಮಂಜ್ ಎಂಬ ತಂತ್ರಾಂಶ ಒಂದು ಮೊಹರು ಒತ್ತುತ್ತದೆ. ಎಲ್ಲ ಯಂತ್ರದಲ್ಲೂ ಒಂದೇ ಗುಟ್ಟಿನ ಕೀಲಿ ಇರಬೇಕು, ಮೊಹರಿಗೆ ಐದು ನಿಮಿಷದ ಆಯಸ್ಸು. ಕೀಲಿ ಸರಿಯಿತ್ತು. ಆದರೆ ಆ ಮೂರು ಯಂತ್ರಗಳ ತಾರೀಕು ನೋಡಿದರೆ ಹತ್ತು ವರ್ಷ ಹಿಂದಿನದು! ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಸತ್ತುಹೋಗಿತ್ತು. ವಿದ್ಯುತ್ ಹೋದ ಪ್ರತಿ ಸಲವೂ ಅವು ತಾವು ಹುಟ್ಟಿದ ಕಾಲಕ್ಕೆ ಮರಳುತ್ತಿದ್ದವು. 2024ರ ಮೊಹರು ಹತ್ತು ವರ್ಷ ಹಿಂದಿನವರಿಗೆ ಹೇಗೆ ಅರ್ಥವಾದೀತು? ಯಂತ್ರ ಎದ್ದ ಕೂಡಲೇ ಯಜಮಾನನ ಗಡಿಯಾರ ನೋಡಿ ಸರಿಮಾಡಿಕೊಳ್ಳುವ ಸಣ್ಣ ತಂತ್ರಾಂಶವನ್ನು ಪಡಿಯಚ್ಚಿಗೆ ಸೇರಿಸುವುದನ್ನು ನಾನೇ ಮರೆತಿದ್ದೆ. ಅದನ್ನು ಸೇರಿಸಿ, ಗಡಿಯಾರದ ಅಂಗಡಿಯಿಂದ ಸೆಲ್ ತಂದು ಹಾಕಿದೆ. ನಮ್ಮೂರಿನ ಮೂಗೂರು ಜೇಜಮ್ಮ, ಮೂಗೂರು ಅಮೃತಪ್ಪ ಅವರ ಹೆಸರು ಮೈಸೂರಿನ ಭರತನಾಟ್ಯ ಪರಂಪರೆಯಲ್ಲಿ ದೊಡ್ಡದು. ಕುಣಿಯುವವರು ಎಷ್ಟೇ ಜನ ಇರಲಿ, ತಾಳ ಹಿಡಿದು ಕೂರುವ ನಟ್ಟುವನಾರ್ ಒಬ್ಬರೇ ಏಕೆ ಎಂದು ಅವತ್ತು ಯಾರಾದರೂ ಕೇಳಿದ್ದರೆ ಚೆನ್ನಾಗಿ ಉತ್ತರ ಕೊಡುತ್ತಿದ್ದೆ.

ಇಷ್ಟಕ್ಕೂ ಈ ಯಂತ್ರ ಯಾರಿಗೆ ಬೇಕಿತ್ತು? ಸಿವಿಲ್ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ಅಕ್ಕನಿಗೆ. ಅವರದು ಕಬಿನಿ ಪ್ರವಾಹದ ಲೆಕ್ಕ. ವಯನಾಡಿನಲ್ಲಿ ಮಳೆ ಸುರಿದರೆ ಕಬಿನಿ ತುಂಬುತ್ತದೆ. ಅಣೆಕಟ್ಟೆಯಿಂದ ಇಷ್ಟು ನೀರು ಬಿಟ್ಟರೆ ನಂಜನಗೂಡಿಗೆ ಎಷ್ಟು ಹೊತ್ತಿಗೆ, ನರಸೀಪುರದ ಸಂಗಮಕ್ಕೆ ಎಷ್ಟು ಹೊತ್ತಿಗೆ, ಯಾವ ಗದ್ದೆ ಮುಳುಗುತ್ತದೆ ಎಂದು ಮೊದಲೇ ಹೇಳಲು ಸಾಧ್ಯವೇ ಎಂಬುದು ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿ, ಮಲ್ಲನಮೂಲೆ ಹತ್ತಿರ ಮೈಸೂರು ರಸ್ತೆಯೇ ಬಂದ್ ಆಗಿದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ವಿಪರ್ಯಾಸ ನೋಡಿ, ಅಕ್ಕ ಪ್ರವಾಹದ ಲೆಕ್ಕ ಹಾಕುತ್ತಿದ್ದ ಹೊತ್ತಿಗೆ ನಾಡಿನಲ್ಲಿ ಬರ. 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿದ್ದ ಸಾಲು ಅದು. ‘ಕುಡಿಯಕ್ಕೆ ನೀರಿಲ್ಲ, ನೀವು ಮುಳುಗೋದರ ಲೆಕ್ಕ ಹಾಕ್ತಿದೀರಲ್ಲ’ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ರೇಗಿಸುತ್ತಿದ್ದರು. ಅದೇ ವರ್ಷದ ಜುಲೈ ಕೊನೆಗೆ ವಯನಾಡಿನಲ್ಲಿ ಆದ ಅನಾಹುತ, ಕಬಿನಿ ಮತ್ತೆ ಉಕ್ಕಿ ನಂಜನಗೂಡಿನ ಸ್ನಾನಘಟ್ಟಕ್ಕೆ ನೀರು ಬಂದದ್ದು ಎಲ್ಲರಿಗೂ ಗೊತ್ತು. ಆಮೇಲೆ ಯಾರೂ ರೇಗಿಸಲಿಲ್ಲ.

ಅಕ್ಕನ ಲೆಕ್ಕದಲ್ಲಿ 48 ಸನ್ನಿವೇಶಗಳಿದ್ದವು. ಇಷ್ಟು ನೀರು ಬಿಟ್ಟರೆ, ಅಷ್ಟು ಬಿಟ್ಟರೆ, ಒಮ್ಮೆಲೇ ಬಿಟ್ಟರೆ, ನಿಧಾನ ಬಿಟ್ಟರೆ, ಕಾವೇರಿಯೂ ತುಂಬಿದ್ದರೆ, ಹೀಗೆ. ಒಂದೊಂದಕ್ಕೂ ಒಂದು ಯಂತ್ರ ಎರಡು ದಿನ ದುಡಿಯಬೇಕು. ಒಂದೇ ಕಂಪ್ಯೂಟರ್ ಆದರೆ 96 ದಿನ, ನಡುವೆ ಕರೆಂಟ್ ಹೋಗದಿದ್ದರೆ. ಮೇ ತಿಂಗಳಲ್ಲಿ ಮೈಸೂರಿನಲ್ಲಿ ಗುಡುಗು ಬಂದರೆ ಕರೆಂಟ್ ಹೋಗದೆ ಇರುತ್ತದೆಯೇ? ಅಕ್ಕನ ಪ್ರಗತಿ ಪರಿಶೀಲನಾ ಸಭೆಗೆ ಉಳಿದಿದ್ದು ಸರಿಯಾಗಿ ಎರಡು ವಾರ. ಆ ಬುಧವಾರದಿಂದ ಈ ಬುಧವಾರಕ್ಕೆ.

ಹನ್ನೊಂದು ಆಳುಗಳಿಗೆ 48 ಕೆಲಸ ಹಂಚಿದರೆ ಐದು ಸುತ್ತು, ಹತ್ತು ದಿನ. ಆದರೆ ಯಜಮಾನನನ್ನೂ ದುಡಿಯಲು ಹಚ್ಚಿದರೆ? ಹನ್ನೆರಡು ನಾಲ್ಕಲ ನಲವತ್ತೆಂಟು. ನಾಲ್ಕೇ ಸುತ್ತು, ಎಂಟೇ ದಿನ. ಅಕ್ಕನಿಗೆ ನಕ್ಷೆ ಬಿಡಿಸಲು ಎರಡು ದಿನ ಹೆಚ್ಚು ಸಿಗುತ್ತದೆ. ಲೆಕ್ಕ ಅಷ್ಟು ಚೆನ್ನಾಗಿ ಕೂಡಿಬಂದಾಗ ಯಾರಿಗೆ ತಾನೆ ಆಸೆಯಾಗುವುದಿಲ್ಲ? ಯಜಮಾನನ ಮೇಲೆ ಕೆಲಸ ಓಡಿಸಬೇಡಿ ಎಂದು ಎಲ್ಲ ಕೈಪಿಡಿಗಳಲ್ಲೂ ಬರೆದಿರುತ್ತಾರೆ. ಓದಿದ್ದೆ. ಅದು ದೊಡ್ಡ ದೊಡ್ಡ ಯಂತ್ರಗಳಿಗೆ, ನಮ್ಮಂಥ ಬಡವರಿಗಲ್ಲ ಅಂದುಕೊಂಡೆ.

ಬುಧವಾರ ಮಧ್ಯಾಹ್ನ ಶುರುವಾಯಿತು. ಶುಕ್ರವಾರ ಮಧ್ಯಾಹ್ನ ಮೊದಲ ಹನ್ನೆರಡು ಮುಗಿದವು. ಅಕ್ಕ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ಕೊಡಿಸಿದರು. ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಹನ್ನೆರಡೂ ಯಂತ್ರ ಸ್ತಬ್ಧ. ಫ್ಯಾನ್ ತಿರುಗುತ್ತಿದೆ, ಕೆಲಸ ಇಲ್ಲ. ದಾಖಲೆ ತೆರೆದು ನೋಡಿದಾಗ ಕಥೆ ಗೊತ್ತಾಯಿತು. ಎರಡನೇ ಸುತ್ತಿನಲ್ಲಿ ಯಜಮಾನನ ಪಾಲಿಗೆ ಬಂದಿದ್ದು ದೊಡ್ಡ ಸನ್ನಿವೇಶ. ಅದು ಅವನ ಮೆಮೊರಿಯನ್ನೆಲ್ಲ ನುಂಗಿತ್ತು. ಆಳುಗಳು ‘ಈ ಕಡತ ಬರೆದುಕೊ’ ಎಂದು ಕಳಿಸಿದ್ದಕ್ಕೆ ಉತ್ತರವಿಲ್ಲ. ಕಾದವು, ಕಾದವು. ಕೊನೆಗೆ ಲಿನಕ್ಸ್ ತನ್ನ ಜೀವ ಉಳಿಸಿಕೊಳ್ಳಲು ಕೈಗೆ ಸಿಕ್ಕವರನ್ನು ಕೊಂದುಹಾಕಿತ್ತು. ಸತ್ತವರಲ್ಲಿ ಸರತಿ ನಡೆಸುವ ಸ್ಲರ್ಮ್ ಕೂಡ ಇತ್ತು. ಎರಡನೇ ಸುತ್ತು ಪೂರ್ತಿ ಹಾಳು. ಅಕ್ಕ ಬಂದು ನೋಡಿ ಏನೂ ಮಾತಾಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಸಂಜೆ ಸಬರ್ಬನ್ ನಿಲ್ದಾಣದಲ್ಲಿ ನರಸೀಪುರದ ಬಸ್ ಹತ್ತಿದೆ. ಊರಿಗೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು, ಅವ್ವ ಕಾಯುತ್ತಿದ್ದಳು. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 36 ಉಳಿದಿವೆ. ಹನ್ನೆರಡು ಯಂತ್ರವಾದರೆ ಮೂರೇ ಸುತ್ತು, ಆರು ದಿನ. ಹನ್ನೊಂದಾದರೆ ಮೂರು ಸುತ್ತಿಗೆ 33, ಇನ್ನು ಮೂರೇ ಮೂರು ಕೆಲಸಕ್ಕಾಗಿ ನಾಲ್ಕನೇ ಸುತ್ತು. ಎಂಟು ದಿನ. ಯಜಮಾನನಿಗೆ ಚಿಕ್ಕ ಚಿಕ್ಕ ಸನ್ನಿವೇಶ ಕೊಟ್ಟರೆ ತಡೆದುಕೊಂಡಾನು. ಹಾಗೇ ಮಾಡುವುದೆಂದು ತೀರ್ಮಾನಿಸಿಯೇ ಮನೆ ಸೇರಿದೆ.

ಮನೆಯಲ್ಲಿ ತಾತ ಜಗಲಿ ಮೇಲೆ ಕೂತಿದ್ದ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ತಾತ ನೀರುಗಂಟಿಯಾಗಿದ್ದವನು. ಈಗಿನವರಿಗೆ ಗೊತ್ತಿಲ್ಲದಿರಬಹುದು: ತೂಬು ಎತ್ತಿ, ಕಾಲುವೆ ತಿರುಗಿಸಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳುವವನು ನೀರುಗಂಟಿ. ನಾಲೆ ಇಲಾಖೆಯ ಕಡೆ ಸೌಡಿ ಎನ್ನುತ್ತಾರೆ. ಕಬಿನಿ ಅಣೆಕಟ್ಟೆ ಮುಗಿದಿದ್ದು 1974ರಲ್ಲಿ, ನಾಲೆ ನೀರು ಬಂದ ಮೇಲೆ ತಾತ ಅಲ್ಲೂ ದಿನಗೂಲಿ ಮಾಡಿದ. ಅದಕ್ಕೂ ಮೊದಲು ಸಂಬಳ ಎಂಬುದೇ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತರು ಭತ್ತ ಅಳೆದು ಹಾಕುತ್ತಿದ್ದರು. ಸನಿಕೆ ಹೆಗಲಿಗೆ, ಲಾಟೀನು ಕೈಗೆ, ಹಾವು ಚೇಳು ಎನ್ನದೆ ರಾತ್ರಿಯೆಲ್ಲ ಬದುವಿನ ಮೇಲೆ.

‘ಯಾಕ ಕೂಸೆ ಮುಖ ಅಂಗ ಮಾಡ್ಕಂಡಿದ್ದೈ? ಅದ್ಯಾನ ನಿನ್ ಕೆಲ್ಸ, ವಸಿ ನನಗೂ ತಿಳಿಯಂಗ ಯೋಳು’ ಅಂದ.

ಸೂಪರ್ ಕಂಪ್ಯೂಟರ್ ಎಂದು ಶುರು ಮಾಡಿದರೆ ಏನು ಪ್ರಯೋಜನ? ಹನ್ನೊಂದು ಗದ್ದೆ ಅವೆ ತಾತ, ನೀರು ಬಿಡಕ್ಕೆ ಒಬ್ಬ ನೀರುಗಂಟಿ ಅವ್ನೆ, ಎಂದೆ. ಯಾರು ಮೊದಲು, ಯಾರು ಆಮೇಲೆ ಎಂದು ಅವನೇ ಬರೆದುಕೊಳ್ಳುತ್ತಾನೆ. ದೊಡ್ಡ ಗದ್ದೆಗೆ ಸಾಕಷ್ಟು ನೀರು ಸೇರುವ ತನಕ ಸುಮ್ಮನೆ ಕಾಯುವ ಬದಲು, ಆ ಸಂದಿಯಲ್ಲಿ ಒಂದು ಸಣ್ಣ ಮಡಿಗೆ ನೀರು ಹಾಯಿಸಿ ಮುಗಿಸಿಬಿಡುತ್ತಾನೆ. ಸ್ಲರ್ಮ್‌ನಲ್ಲಿ ಇದಕ್ಕೆ ಬ್ಯಾಕ್‌ಫಿಲ್ ಎನ್ನುತ್ತಾರೆ. ಹೋದ ವಾರ ಹೆಚ್ಚು ಕುಡಿದವನನ್ನು ಈ ವಾರ ಸ್ವಲ್ಪ ಹಿಂದೆ ನಿಲ್ಲಿಸುತ್ತಾನೆ, ಅದು ಫೇರ್‌ಶೇರ್. ತಾತ ತಲೆಯಾಡಿಸುತ್ತಾ ಕೇಳಿದ. ‘ಕಟ್ಟು ನೀರು ಬುಡೋ ಕಾಲ್ದಲ್ಲಿ ನಾವೂ ಅಂಗೇ ಮಾಡ್ತಿದ್ದೊ. ಇದ್ರಲ್ಲಿ ಹೊಸದೇನದ?’ ಎಂದ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವಳಿಗೆ ಸ್ವಲ್ಪ ಅವಮಾನವೇ ಆಯಿತು.

ಆಮೇಲೆ ಕೆಟ್ಟುಹೋದ ಕಥೆ ಹೇಳಿದೆ. ತಾತ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

‘ಆ ನೀರುಗಂಟಿಗ ಗದ್ದೆ ಕೊಟ್ಟಿದ್ದವರ್ಯಾರು?’

‘ನಾನೇ ತಾತ.’

‘ನೀರುಗಂಟಿಗ ಗದ್ದೆ ಇರಬಾರ್ದು ಕೂಸೆ. ಇದ್ರ ಅವ್ನ ಕಣ್ಣು ಅಲ್ಲೇ ಇರ್ತದ. ಮಿಕ್ಕಿದ್ದ ತೂಬ ನೋಡೋರ್ಯಾರು?’

ನಮ್ಮ ತಾತನಿಗೆ ನಾಲೆ ಬಯಲಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ಅದೊಂದು ಕೊರಗು ಎಂದೇ ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಅಪ್ಪನಿಗೆ ಈಗಲೂ ಆ ಕೊರಗಿದೆ. ಊರಿಗೆಲ್ಲ ನೀರು ಹಾಯಿಸಿದವನ ಮಗ ಕೂಲಿಗೆ ಹೋದೆ ಎಂದು. ತಾತ ಹೇಳಿದ್ದು ನ್ಯಾಯದ ಮಾತು ಹೌದು. ಆದರೆ ಆ ನ್ಯಾಯಕ್ಕೆ ನಮ್ಮ ಮನೆ ಎಷ್ಟು ಬೆಲೆ ಕೊಟ್ಟಿತು ಎಂದೂ ನನಗೆ ಗೊತ್ತು. ಇದನ್ನು ತಾತನ ಎದುರು ಹೇಳಲಿಲ್ಲ. ಒಳಗೆ ಹೋಗಿ ಮುದ್ದೆ, ಉಪ್ಸಾರು ಉಂಡು ಮಲಗಿದೆ.

ಊಟಕ್ಕೆ ಕೂತಾಗ ಅಜ್ಜಿ ಇನ್ನೊಂದು ಕಥೆ ಹೇಳಿದಳು. ಒಮ್ಮೆ ಭತ್ತ ತೆನೆಗಟ್ಟುವ ಹೊತ್ತಿನಲ್ಲಿ ತಾತನಿಗೆ ಮೂರು ದಿನ ಚಳಿಜ್ವರ. ತೆಗೆದಿದ್ದ ಮಡೆಗಳಲ್ಲಿ ನೀರು ಹರಿಯುತ್ತಲೇ ಇತ್ತು, ಆದರೆ ತಿರುಗಿಸುವವರಿಲ್ಲ. ಮೇಲಿನ ಗದ್ದೆ ತುಂಬಿ ಬದು ಒಡೆಯುವ ಹಾಗಾಯಿತು, ಕೊನೆಯ ಗದ್ದೆ ಬಿರುಕು ಬಿಟ್ಟಿತು. ಮೂರನೇ ರಾತ್ರಿ ಅಜ್ಜಿಯೇ ಲಾಟೀನು ಹಿಡಿದು ಹೋದಳಂತೆ. ‘ಯಾವ ಮಡೆ ಎಲ್ಲದ ಅಂತ ನನಗೂ ಗೊತ್ತಿತ್ತಲ್ಲ’ ಎಂದಳು. ನಮ್ಮ ಯಂತ್ರದಲ್ಲೂ ಹೀಗೇ. ಯಜಮಾನನ ಸರತಿ ಪುಸ್ತಕ ಮಾತ್ರ ನಿಂತುಹೋದರೆ ಓಡುತ್ತಿರುವ ಕೆಲಸ ಸಾಯುವುದಿಲ್ಲ, ಹೊಸದು ಶುರುವಾಗುವುದಿಲ್ಲ ಅಷ್ಟೇ. ಅದಕ್ಕೇ ದೊಡ್ಡ ಕಡೆಗಳಲ್ಲಿ ಯಜಮಾನರು ಇಬ್ಬರು ಇರುತ್ತಾರೆ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್‌ಗೆ ದುಡಿಯುವ ನೋಡ್‌ಗಳು 624, ಮಾಸ್ಟರ್ ನೋಡ್‌ಗಳು ಎರಡು. ಅದರ ವೇಗ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ರ ಮುಂದೆ ಹದಿನಾಲ್ಕು ಸೊನ್ನೆಯಷ್ಟು ಲೆಕ್ಕ. ನಮ್ಮದು ಅದರ ಉಗುರಿನ ಕೊಳೆಗೂ ಸಮವಲ್ಲ.

ಭಾನುವಾರ ಮೊದಲ ಬಸ್ಸಿಗೆ ಮೈಸೂರಿಗೆ ಬಂದೆ. ದುಡಿಯುವವರ ಪಟ್ಟಿಯಿಂದ ಯಜಮಾನನ ಹೆಸರು ತೆಗೆದೆ. ಅವನ ಮೇಲೆ ಯಾರೂ ಲೆಕ್ಕ ಓಡಿಸದಂತೆ ಬೀಗ ಹಾಕಿದೆ, ನನಗೂ ಸೇರಿಸಿ. ಸ್ಟೋರ್‌ನಲ್ಲಿ ಬಿದ್ದಿದ್ದ ಹಳೆಯ ಯುಪಿಎಸ್ ಒಂದನ್ನು ಅವನಿಗೆ ಜೋಡಿಸಿದೆ, ಇಪ್ಪತ್ತು ನಿಮಿಷ ತಡೆಯುತ್ತದೆ. ಅಕ್ಕನೂ ಬಂದರು. ಆರು ಗಂಟೆಗೊಮ್ಮೆ ‘ಇಲ್ಲಿಯವರೆಗೆ ಬಂದಿದ್ದೇನೆ’ ಎಂದು ಬರೆದಿಡುವ ಹಾಗೆ ತಮ್ಮ ಲೆಕ್ಕವನ್ನು ತಿದ್ದಿದರು. ಇನ್ನು ಕರೆಂಟ್ ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ 36 ಕೆಲಸ ಸರತಿಗೆ ಬಿಟ್ಟೆವು. ಹನ್ನೊಂದು ಓಡಿದವು, ಇಪ್ಪತ್ತೈದು ಕಾದವು.

ಮಂಗಳವಾರ, ಗುರುವಾರ, ಶನಿವಾರ. ಒಂದೊಂದು ಸುತ್ತೂ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಗುರುವಾರ ರಾತ್ರಿ ಗುಡುಗಿನ ಮಳೆ ಬಂತು. ಪಿಜಿ ಕಿಟಕಿಯಲ್ಲಿ ನಿಂತು ಬೀದಿದೀಪ ನೋಡುತ್ತಾ ಒಂದು ಗಂಟೆಯವರೆಗೂ ಎಚ್ಚರವಿದ್ದೆ. ದೀಪ ಎರಡು ಸಲ ಮಿಣುಕಿತು, ಆರಲಿಲ್ಲ. ಶನಿವಾರ ಮಧ್ಯಾಹ್ನ ಉಳಿದ ಮೂರು ಕೆಲಸ ಓಡಲು ಶುರುವಾದವು. ಎಂಟು ಯಂತ್ರ ಖಾಲಿ ಕೂತಿದ್ದವು. ಮುಗಿಯುವುದು ಸೋಮವಾರ ಮಧ್ಯಾಹ್ನ, ಸಭೆ ಬುಧವಾರ ಬೆಳಿಗ್ಗೆ.

ಭಾನುವಾರ ಮತ್ತೆ ಊರಿಗೆ ಹೋದೆ. ರಾತ್ರಿ ಜಗಲಿ ಮೇಲೆ ಕೂತು, ಸಿಗ್ನಲ್ ಸಿಗುವ ಕಂಬದ ಪಕ್ಕಕ್ಕೆ ಸರಿದು, ಮೊಬೈಲ್‌ನಿಂದ ಕಾಲೇಜಿನ ಯಜಮಾನನನ್ನು ಮಾತಾಡಿಸಿದೆ. ಕಪ್ಪು ಪರದೆ ಮೇಲೆ ಮೂರು ಸಾಲು ಬಂದವು. ತಾತ ಪಕ್ಕದಲ್ಲೇ ಮಲಗಿದ್ದವನು ಎದ್ದು ಕೂತು ಮೊಬೈಲ್ ಒಳಕ್ಕೆ ಬಗ್ಗಿ ನೋಡಿದ.

‘ಕೊನೆ ಗದ್ದೆಗ ನೀರು ಓಯ್ತಾ?’

‘ಇನ್ನೂ ಇಲ್ಲ ತಾತ. ಮೂರು ಬಾಕಿ ಅವೆ.’

‘ಅಂಗಾರ ಮನಿಕಬ್ಯಾಡ’ ಎಂದು ಹೇಳಿ, ತಾನು ಕಂಬಳಿ ಎಳೆದುಕೊಂಡು ಮಲಗಿಬಿಟ್ಟ.